ಅರ್ಧ ತೆರಿಗೆಯ ಟೀಕೆ

ಹುಮನಾಬಾದ್ ತಾಲ್ಲೂಕಿನ ಹುಡಗಿ ಊರನ್ನು ಪ್ರತಿನಿಧಿಸುವ ಶಾಸಕರೂ ಸಂಸದರೂ ಇಬ್ಬರೂ ವಿರೋಧ ಪಕ್ಷದ ಸಾಲಿನಲ್ಲಿ ಕೂರುವವರು. 2023ರ ಮೇ ತಿಂಗಳಲ್ಲಿ ಹುಮನಾಬಾದ್‌ನಿಂದ ಸಿದ್ದು ಪಾಟೀಲ, ಪಕ್ಕದ ಬಸವಕಲ್ಯಾಣದಿಂದ ಶರಣು ಸಲಗರ ಗೆದ್ದರು. ಇಬ್ಬರೂ ಬಿಜೆಪಿಯವರು, ಬೆಂಗಳೂರಿನಲ್ಲಿ ಸರ್ಕಾರ ಕಾಂಗ್ರೆಸ್ಸಿನದು. ಮರುವರ್ಷ ಬೀದರ್ ಲೋಕಸಭಾ ಕ್ಷೇತ್ರದಿಂದ ಕಾಂಗ್ರೆಸ್ಸಿನ ಸಾಗರ್ ಖಂಡ್ರೆ ಗೆದ್ದರು, ದಿಲ್ಲಿಯಲ್ಲಿ ಸರ್ಕಾರ ಬಿಜೆಪಿಯದು. ತೆರಿಗೆ ಕಟ್ಟುವ ಊರಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಸಿಗುವುದು ಅಪರೂಪ. ಎರಡೂ ಸದನಗಳಲ್ಲಿ ಆಳುವವರನ್ನು ಎದುರು ನಿಲ್ಲಿಸಿ ಲೆಕ್ಕ ಕೇಳಬಲ್ಲವರು ಇಲ್ಲಿಯವರೇ ಇದ್ದಾರೆ. ಆದರೆ ನಮ್ಮ ಕಿವಿಗೆ ಬೀಳುತ್ತಿರುವುದು ಬೇರೆ. ಬಿಜೆಪಿಯವರು ರಾಜ್ಯದ ತೆರಿಗೆಯನ್ನು ಮಾತ್ರ ಟೀಕಿಸುತ್ತಾರೆ, ಕಾಂಗ್ರೆಸ್ಸಿನವರು ಕೇಂದ್ರದ್ದನ್ನು ಮಾತ್ರ. ಡೀಸೆಲ್ ಹಾಕಿಸುವ ರೈತ ಎರಡನ್ನೂ ಒಂದೇ ಬಿಲ್ಲಿನಲ್ಲಿ ಕಟ್ಟುತ್ತಾನೆ.

ಮೊದಲು ಬಿಜೆಪಿಯ ಟೀಕೆಯಲ್ಲಿ ಇರುವ ಸತ್ಯವನ್ನು ಒಪ್ಪಬೇಕು. 2024ರ ಜೂನ್‌ನಲ್ಲಿ, ಲೋಕಸಭೆ ಚುನಾವಣೆಯ ಫಲಿತಾಂಶ ಬಂದ ಕೆಲವೇ ದಿನಗಳಲ್ಲಿ, ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 14.34ರಿಂದ ಶೇ 18.44ಕ್ಕೆ ಏರಿಸಿತು. 2025ರ ಏಪ್ರಿಲ್ 1ರಿಂದ ಅದು ಶೇ 21.17 ಆಯಿತು. ಎರಡೂ ಸೇರಿ ಲೀಟರಿಗೆ ಸುಮಾರು 5 ರೂಪಾಯಿ. ಒಂದು ಹಂಗಾಮಿಗೆ 100 ಲೀಟರ್ ಸುಡುವ ಟ್ರ್ಯಾಕ್ಟರಿಗೆ 500 ರೂಪಾಯಿ ಹೆಚ್ಚು. ಸೋಯಾ, ತೊಗರಿ ಬಿತ್ತುವವನ ಲಾಗೋಡಿಯಲ್ಲಿ ಇದು ಬಿತ್ತನೆಗೂ ಸೇರುತ್ತದೆ, ರಾಶಿಗೂ ಸೇರುತ್ತದೆ, ಮಾಲು ಮಾರುಕಟ್ಟೆಗೆ ಒಯ್ಯುವ ಬಾಡಿಗೆಗೂ ಸೇರುತ್ತದೆ. ಸ್ವಂತ ಟ್ರ್ಯಾಕ್ಟರ್ ಇಲ್ಲದವನು ತೆರಿಗೆ ಕಟ್ಟುವುದಿಲ್ಲ ಎಂದೇನೂ ಇಲ್ಲ, ಗಂಟೆಯ ಬಾಡಿಗೆಯೊಳಗೆ ಅದನ್ನೂ ಕೊಡುತ್ತಾನೆ. ಆದಾಯ ನೋಡದೆ ವಸ್ತುವಿನ ಮೇಲೆ ಹಾಕುವ ತೆರಿಗೆ ಬಡವನಿಗೇ ಹೆಚ್ಚು ಭಾರ. ಎಡದವರೂ ಬಲದವರೂ ಒಪ್ಪುವ ಮಾತಿದು. ಅದೇ ಏಪ್ರಿಲ್‌ನಲ್ಲಿ ನಂದಿನಿ ಹಾಲಿನ ದರವೂ ಲೀಟರಿಗೆ 4 ರೂಪಾಯಿ ಏರಿತು, ಆ ವರ್ಷದ ಜನವರಿಯಲ್ಲಿ ಬಸ್ ದರ ಶೇ 15ರಷ್ಟು ಏರಿತ್ತು. ಜನರಿಗೆ ಸಿಟ್ಟು ಬಂದಿದ್ದು ನಿಜ. ಬಿಜೆಪಿ ತನ್ನ ಯಾತ್ರೆಗೆ ‘ಜನಾಕ್ರೋಶ’ ಎಂದು ಹೆಸರಿಟ್ಟಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಆ ಯಾತ್ರೆ ಮೈಸೂರಿನಲ್ಲಿ ಶುರುವಾದದ್ದು 2025ರ ಏಪ್ರಿಲ್ 7ರಂದು. ಅದೇ ದಿನ ಕೇಂದ್ರ ಸರ್ಕಾರ ಪೆಟ್ರೋಲ್ ಮತ್ತು ಡೀಸೆಲ್ ಮೇಲಿನ ಅಬಕಾರಿ ಸುಂಕವನ್ನು ಲೀಟರಿಗೆ 2 ರೂಪಾಯಿ ಏರಿಸಿತು, ಅಡುಗೆ ಅನಿಲದ ಸಿಲಿಂಡರ್ ಬೆಲೆಯೂ 50 ರೂಪಾಯಿ ಏರಿತು. ಸುಂಕದ ಏರಿಕೆ ಪಂಪಿನ ದರಕ್ಕೆ ತಾಗಲಿಲ್ಲ ಎಂಬುದೂ ಸತ್ಯವೇ. ಆಗ ಕಚ್ಚಾ ತೈಲದ ಬೆಲೆ ಇಳಿದಿತ್ತು, ಆ ಇಳಿಕೆ ಗ್ರಾಹಕನಿಗೆ ಬರುವ ಬದಲು ಖಜಾನೆಗೆ ಹೋಯಿತು. ಆದರೆ ಸಿಲಿಂಡರ್ ವಿಷಯದಲ್ಲಿ ಈ ಸಮಜಾಯಿಷಿಯೂ ಇಲ್ಲ. ಬೆಲೆ ಏರಿಕೆ ವಿರುದ್ಧ ಬೀದಿಗಿಳಿದ ಪಕ್ಷ ಆ ದಿನ ಆ 50 ರೂಪಾಯಿಯ ಬಗ್ಗೆಯೂ ಒಂದು ಮಾತು ಆಡಿದ್ದರೆ ಅದರ ಟೀಕೆಗೆ ಇಮ್ಮಡಿ ತೂಕ ಬರುತ್ತಿತ್ತು. ಇನ್ನೊಂದು ದಾಖಲೆಯೂ ಇದೆ. 2021ರ ನವೆಂಬರ್‌ಗೆ ಮೊದಲು, ಬಿಜೆಪಿಯದೇ ಸರ್ಕಾರವಿದ್ದಾಗ, ರಾಜ್ಯದಲ್ಲಿ ಡೀಸೆಲ್ ಮೇಲಿನ ಮಾರಾಟ ತೆರಿಗೆ ಶೇ 24 ಇತ್ತು. ನವೆಂಬರ್‌ನಲ್ಲಿ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅದನ್ನು ಇಳಿಸಿದರು, ಅದಕ್ಕೆ ಅವರಿಗೆ ಶ್ರೇಯ ಸಲ್ಲಬೇಕು. ಕಾಂಗ್ರೆಸ್ಸಿನವರು ಇಂದು ಆ ಹಳೆಯ ಶೇ 24 ತೋರಿಸಿ ಪಾರಾಗಲು ನೋಡುತ್ತಾರೆ. ಅಂದು ಅದು ಹೆಚ್ಚು ಎಂದು ಕೂಗಿದವರು ತಾವೇ ಎಂಬುದನ್ನು ಅವರು ಮರೆಯಬಾರದು.

ಬಿಜೆಪಿಯವರು ಅದೇ ಯಾತ್ರೆಯಲ್ಲಿ ಡೀಸೆಲ್ ದರದ ಜೊತೆಗೆ ಸರ್ಕಾರಿ ಗುತ್ತಿಗೆಯಲ್ಲಿ ಮುಸ್ಲಿಮರಿಗೆ ಶೇ 4 ಮೀಸಲಾತಿ ಕೊಡುವ ಮಸೂದೆಯನ್ನೂ ಸೇರಿಸಿದರು. ಮಸೂದೆಯ ಮೇಲೆ ಚರ್ಚೆ ಬೇಕು, ಅದಕ್ಕೆ ಬೇರೆ ವೇದಿಕೆ ಇದೆ. ಬಸವಕಲ್ಯಾಣದ ಹೆದ್ದಾರಿಯಲ್ಲಿ ಲಾರಿ ಓಡಿಸುವವರಲ್ಲಿ ಎಲ್ಲ ಧರ್ಮದವರೂ ಇದ್ದಾರೆ, ಎಲ್ಲರಿಗೂ ಲೀಟರಿಗೆ ಒಂದೇ ದರ. ತೆರಿಗೆಯ ಪ್ರಶ್ನೆಗೆ ಧರ್ಮದ ಪ್ರಶ್ನೆಯನ್ನು ಕಟ್ಟಿದರೆ ನಷ್ಟವಾಗುವುದು ತೆರಿಗೆಯ ಪ್ರಶ್ನೆಗೇ.

ಈಗ ರಾಜ್ಯದ ಕಾಂಗ್ರೆಸ್ ಸರ್ಕಾರದ ಗ್ಯಾರಂಟಿ ಯೋಜನೆಗಳ ಮಾತು. 2025-26ರ ರಾಜ್ಯ ಬಜೆಟ್ 4,09,549 ಕೋಟಿ ರೂಪಾಯಿ, ಅದರಲ್ಲಿ ಐದು ಗ್ಯಾರಂಟಿಗಳಿಗೆ 51,034 ಕೋಟಿ. ‘ಬೊಕ್ಕಸ ಬರಿದು ಮಾಡಿದರು’ ಎಂಬುದು ವಿರೋಧ ಪಕ್ಷದ ದೂರು. ಈ ದೂರನ್ನು ನಮ್ಮ ಸೀಮೆಯಲ್ಲಿ ನಿಂತು ಹೇಳುವವರು ಸುತ್ತಲೂ ಒಮ್ಮೆ ನೋಡಬೇಕು. ಬಸವಕಲ್ಯಾಣದಿಂದ ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಹೋದರೆ ಗಡಿ ದಾಟಿ ಮಹಾರಾಷ್ಟ್ರದ ಉಮರ್ಗಾ. ಅಲ್ಲಿ 2024ರ ಜುಲೈನಿಂದ ಬಿಜೆಪಿ ಪಾಲುದಾರಿಕೆಯ ಸರ್ಕಾರವೇ ‘ಲಾಡಕಿ ಬಹೀಣ’ ಹೆಸರಿನಲ್ಲಿ ಮಹಿಳೆಯರಿಗೆ ತಿಂಗಳಿಗೆ 1,500 ರೂಪಾಯಿ ಕೊಡುತ್ತಿದೆ. ಹುಮನಾಬಾದ್‌ನಿಂದ ಪೂರ್ವಕ್ಕೆ ಹೋದರೆ ತೆಲಂಗಾಣದ ಜಹೀರಾಬಾದ್, ಅಲ್ಲಿ 2023ರ ಡಿಸೆಂಬರ್‌ನಿಂದ ಮಹಿಳೆಯರಿಗೆ ಬಸ್ ಪ್ರಯಾಣ ಉಚಿತ. ನಡುವೆ ನಮ್ಮಲ್ಲಿ ಮಹಿಳೆಯರಿಗೆ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಮತ್ತು ಉಚಿತ ಬಸ್ಸಿನ ಶಕ್ತಿ ಯೋಜನೆ. ಗಡಿಯ ಈಚೆ ಆಚೆ ಹೆಣ್ಣು ಕೊಟ್ಟು ತಂದ ಕುಟುಂಬಗಳು ಇಲ್ಲಿ ಬಹಳ. ಅಕ್ಕನಿಗೆ ಉಮರ್ಗಾದಲ್ಲಿ ಬರುವ ರೊಕ್ಕ ಸಬಲೀಕರಣ, ತಂಗಿಗೆ ಹುಡಗಿಯಲ್ಲಿ ಬರುವ ರೊಕ್ಕ ದಿವಾಳಿತನ ಎಂದರೆ ಅವರಿಬ್ಬರೂ ನಂಬುವುದಿಲ್ಲ. 2023ರ ಚುನಾವಣೆಯಲ್ಲಿ ರಾಜ್ಯ ಬಿಜೆಪಿಯ ಪ್ರಣಾಳಿಕೆಯೂ ಬಡ ಕುಟುಂಬಗಳಿಗೆ ವರ್ಷಕ್ಕೆ ಮೂರು ಉಚಿತ ಸಿಲಿಂಡರ್, ದಿನಕ್ಕೆ ಅರ್ಧ ಲೀಟರ್ ನಂದಿನಿ ಹಾಲು ಕೊಡುವುದಾಗಿ ಹೇಳಿತ್ತು. ಬಡವರ ಮನೆಗೆ ನೇರವಾಗಿ ಏನಾದರೂ ತಲುಪಬೇಕು ಎಂಬುದರಲ್ಲಿ ಎರಡೂ ಪಕ್ಷಗಳಿಗೆ ಭಿನ್ನಾಭಿಪ್ರಾಯವಿಲ್ಲ. ಹಾಗಿದ್ದ ಮೇಲೆ ಪ್ರಶ್ನೆ ಇರುವುದು ಎಷ್ಟು, ಯಾರ ಹಣದಿಂದ, ಸಮಯಕ್ಕೆ ತಲುಪುತ್ತಿದೆಯೇ ಎಂಬುದರಲ್ಲಿ.

‘ಯಾರ ಹಣದಿಂದ’ ಎಂಬಲ್ಲಿ ವಿರೋಧ ಪಕ್ಷದ ಕೈಯಲ್ಲಿ ನಿಜವಾಗಿಯೂ ಗಟ್ಟಿಯಾದ ಒಂದು ವಿಷಯ ಇದೆ. 2013ರ ಪರಿಶಿಷ್ಟ ಜಾತಿ ಉಪಯೋಜನೆ ಮತ್ತು ಗಿರಿಜನ ಉಪಯೋಜನೆ ಕಾಯ್ದೆ ತಂದದ್ದು ಸಿದ್ದರಾಮಯ್ಯನವರ ಸರ್ಕಾರವೇ. ಜನಸಂಖ್ಯೆಗೆ ತಕ್ಕಂತೆ, ಅಂದರೆ ಶೇ 24.1ರಷ್ಟು ಯೋಜನಾ ಹಣ ಈ ಸಮುದಾಯಗಳ ಏಳಿಗೆಗೇ ಹೋಗಬೇಕು ಎಂಬುದು ಅದರ ಆಶಯ. ದೇಶಕ್ಕೆ ಮಾದರಿಯಾಗಬಲ್ಲ ಕಾಯ್ದೆ ಅದು. 2025-26ರಲ್ಲಿ ಇದರಡಿ ತೋರಿಸಿದ ಒಟ್ಟು ಮೊತ್ತ 42,018 ಕೋಟಿ, ಅದರಲ್ಲಿ 13 ಸಾವಿರ ಕೋಟಿಗೂ ಹೆಚ್ಚು ಗ್ಯಾರಂಟಿಗಳಿಗೆ. ಪರಿಶಿಷ್ಟ ಫಲಾನುಭವಿಗಳ ಪಾಲನ್ನಷ್ಟೇ ಇದರಿಂದ ಭರಿಸುತ್ತೇವೆ ಎಂಬುದು ಸರ್ಕಾರದ ಸಮರ್ಥನೆ. ಹುಡಗಿಯ ಒಂದೇ ಓಣಿಯಲ್ಲಿ ಇದರ ಅರ್ಥ ಏನು ನೋಡಿ. ಇಬ್ಬರು ಮಹಿಳೆಯರಿಗೆ ತಲಾ 2,000 ರೂಪಾಯಿ ಬರುತ್ತದೆ. ಪರಿಶಿಷ್ಟಳಲ್ಲದವಳಿಗೆ ಅದು ಸಾಮಾನ್ಯ ಬೊಕ್ಕಸದಿಂದ ಬರುತ್ತದೆ. ಪರಿಶಿಷ್ಟ ಮಹಿಳೆಗೆ ಬರುವುದು ಅವಳದೇ ಸಮುದಾಯದ ಹಾಸ್ಟೆಲಿಗೆ, ಗಂಗಾ ಕಲ್ಯಾಣದ ಕೊಳವೆಬಾವಿಗೆ, ಮಕ್ಕಳ ವಿದ್ಯಾರ್ಥಿವೇತನಕ್ಕೆ ಮೀಸಲಿರಬೇಕಾದ ಹಣದಿಂದ. ಒಬ್ಬಳಿಗೆ ಸೌಲಭ್ಯ ಹೆಚ್ಚುವರಿಯಾಗಿ ಸಿಕ್ಕಿತು, ಇನ್ನೊಬ್ಬಳಿಗೆ ಅವಳ ಹಣವೇ ಮರಳಿ ಬಂತು. ಇದು ಅನ್ಯಾಯ. ಎಲ್ಲರಿಗೂ ಕೊಡುವ ಯೋಜನೆಯ ಖರ್ಚು ಎಲ್ಲರ ಬೊಕ್ಕಸದಿಂದಲೇ ಬರಬೇಕು. ದಲಿತರ ಹಣ ಬೇರೆಡೆಗೆ ತಿರುಗಿಸಲು ಅವಕಾಶವಿದ್ದ 7(ಡಿ) ಕಲಂ ಅನ್ನು 2023ರಲ್ಲಿ ತೆಗೆದುಹಾಕಿದ್ದು ಕಾಂಗ್ರೆಸ್ ಸರ್ಕಾರ. ಆ ಹೆಜ್ಜೆ ಇಟ್ಟವರೇ ಇದನ್ನು ಮಾಡುತ್ತಿರುವುದು ಇನ್ನೂ ಹೆಚ್ಚು ನೋವಿನ ಸಂಗತಿ. ಬಿಜೆಪಿಯವರೂ 2019ರಿಂದ 2023ರವರೆಗೆ ಅಧಿಕಾರದಲ್ಲಿದ್ದರು, ಆ ಕಲಂ ಅನ್ನು ಮುಟ್ಟಲಿಲ್ಲ. ಹಾಗೆಂದು ಇಂದು ಅವರು ಕೇಳುವ ಪ್ರಶ್ನೆ ಸುಳ್ಳಾಗುವುದಿಲ್ಲ. ಇನ್ನೂ ಗಟ್ಟಿಯಾಗಿ ಕೇಳಲಿ, ನಾವು ಜೊತೆಗಿದ್ದೇವೆ.

ಬೊಕ್ಕಸದ ದೂರು ಕಲ್ಯಾಣಕ್ಕೆ ಹೊಸದಲ್ಲ. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರು ಅರಮನೆಯ ಹಣವನ್ನು ಜಂಗಮರಿಗೆ ಸುರಿಯುತ್ತಿದ್ದಾರೆ ಎಂದು ಅವರನ್ನು ಸಹಿಸದವರು ದೊರೆಯ ಕಿವಿಗೆ ಹಾಕಿದ ಕತೆಯನ್ನು ಪುರಾಣಕಾರರು ಹೇಳುತ್ತಾರೆ. ಆ ಕತೆಯಲ್ಲಿ ದೂರಿಗೆ ಉತ್ತರ ಭಾಷಣದಿಂದ ಬರಲಿಲ್ಲ. ಭಂಡಾರ ತೆರೆದು ಎಣಿಸಿದರು, ಲೆಕ್ಕ ಸರಿಯಿತ್ತು. ಇಂದು ನಮಗೆ ಬೇಕಿರುವುದೂ ಆ ಎಣಿಕೆಯೇ. ಅದನ್ನು ಮಾಡಿಸುವ ಕೆಲಸ ವಿರೋಧ ಪಕ್ಷದ್ದು.

ಅದು ಸಾಧ್ಯ ಎಂಬುದಕ್ಕೆ ಈಚಿನ ಉದಾಹರಣೆಯೇ ಇದೆ. 2025ರ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಹುಬ್ಬಳ್ಳಿಯ ಬಿಜೆಪಿ ಶಾಸಕ ಮಹೇಶ ಟೆಂಗಿನಕಾಯಿ ಗೃಹಲಕ್ಷ್ಮಿಯ ಕಂತುಗಳ ಬಗ್ಗೆ ಕೇಳಿದರು. ಆ ವರ್ಷದ ಫೆಬ್ರುವರಿ, ಮಾರ್ಚ್ ತಿಂಗಳ ಹಣ ಬಂದಿಲ್ಲ ಎಂಬುದು ಅವರ ಪ್ರಶ್ನೆಯ ತಿರುಳು. ಕೊನೆಗೆ ಸಚಿವೆ ಲಕ್ಷ್ಮೀ ಹೆಬ್ಬಾಳಕರ್ ಸದನದಲ್ಲಿ ವಿಷಾದ ವ್ಯಕ್ತಪಡಿಸಬೇಕಾಯಿತು. ಯಾತ್ರೆಗಳು ಮಾಡಲಾಗದ್ದನ್ನು ತಿಂಗಳ ಹೆಸರು ಹಿಡಿದು ಕೇಳಿದ ಒಂದು ಪ್ರಶ್ನೆ ಮಾಡಿತು. ‘ಗ್ಯಾರಂಟಿ ಬೇಡ’ ಎಂದು ಅದು ಕೇಳಲಿಲ್ಲ, ‘ಕೊಡುತ್ತೇವೆ ಎಂದದ್ದನ್ನು ಕೊಟ್ಟಿರಾ’ ಎಂದು ಕೇಳಿತು.

ಸಂಸತ್ತಿನ ಕಡೆಯೂ ಇದೇ ಮಾತು ಸಲ್ಲುತ್ತದೆ. 14ನೇ ಹಣಕಾಸು ಆಯೋಗದ ಕಾಲದಲ್ಲಿ ಹಂಚಿಕೆಯಾಗುವ ಕೇಂದ್ರ ತೆರಿಗೆಯಲ್ಲಿ ಕರ್ನಾಟಕಕ್ಕೆ ಶೇ 4.713 ಪಾಲಿತ್ತು, 15ನೆಯ ಆಯೋಗ ಅದನ್ನು ಶೇ 3.647ಕ್ಕೆ ಇಳಿಸಿತು. 2024ರ ಫೆಬ್ರುವರಿ 7ರಂದು ಮುಖ್ಯಮಂತ್ರಿ, ಸಚಿವರು ಜಂತರ್ ಮಂತರ್‌ನಲ್ಲಿ ಕೂತದ್ದು ಇದಕ್ಕಾಗಿ. ಆ ನೋವು ನಿಜ. ಸೆಸ್ ಮತ್ತು ಸರ್‌ಚಾರ್ಜಿನ ಹಣ ರಾಜ್ಯಗಳೊಂದಿಗೆ ಹಂಚಿಕೆಯಾಗುವುದಿಲ್ಲ ಎಂಬ ದೂರೂ ನಿಜ. ಆದರೆ ರಾಹುಲ್ ಗಾಂಧಿ ‘ಗಬ್ಬರ್ ಸಿಂಗ್ ಟ್ಯಾಕ್ಸ್’ ಎಂದು ಕರೆದ ಜಿಎಸ್‌ಟಿಯ ದರಗಳು 2025ರ ಸೆಪ್ಟೆಂಬರ್ 22ರಿಂದ ಇಳಿದಾಗ, ಟ್ರ್ಯಾಕ್ಟರ್ ಮೇಲಿನದು ಶೇ 12ರಿಂದ 5ಕ್ಕೆ ಬಂದಾಗ, ರಾಜ್ಯದ ಕಾಂಗ್ರೆಸ್ ಸರ್ಕಾರದಿಂದ ಹೆಚ್ಚಾಗಿ ಕೇಳಿಬಂದದ್ದು ಆದಾಯ ನಷ್ಟದ ಮಾತು. ನಷ್ಟ ಪರಿಹಾರ ಕೇಳುವುದು ರಾಜ್ಯದ ಹಕ್ಕು. ಅದೇ ಉಸಿರಿನಲ್ಲಿ ತಾನು ಏರಿಸಿದ ಡೀಸೆಲ್ ತೆರಿಗೆಯ ಭಾರವನ್ನೂ ಒಪ್ಪಿಕೊಂಡಿದ್ದರೆ ದಿಲ್ಲಿಯ ಮುಂದೆ ಅದರ ವಾದಕ್ಕೆ ಬಲ ಬರುತ್ತಿತ್ತು. ಡೀಸೆಲ್ ಮೇಲೆ ರಾಜ್ಯ ತನ್ನ ಶೇಕಡಾ ಲೆಕ್ಕ ಹಾಕುವುದು ಕೇಂದ್ರದ ಸುಂಕ ಸೇರಿದ ಬೆಲೆಯ ಮೇಲೆ. ಅಂದರೆ ಕೇಂದ್ರದ ತೆರಿಗೆಯ ಮೇಲೂ ರಾಜ್ಯ ತೆರಿಗೆ ಪಡೆಯುತ್ತದೆ. ಈ ಒಂದು ಸಂಗತಿಯನ್ನು ಎರಡೂ ಪಕ್ಷಗಳು ತಮ್ಮ ಸಭೆಗಳಲ್ಲಿ ಹೇಳುವುದಿಲ್ಲ.

ಹಾಗಾಗಿ ನಮ್ಮ ಸೀಮೆಯ ಮೂವರು ಪ್ರತಿನಿಧಿಗಳ ಮುಂದೆ ಒಂದು ಬೇಡಿಕೆ ಇಡುತ್ತೇವೆ. ಸಿದ್ದು ಪಾಟೀಲರು, ಶರಣು ಸಲಗರರು ಮುಂದಿನ ವಿಧಾನಸಭೆ ಅಧಿವೇಶನದಲ್ಲಿ ಚುಕ್ಕೆ ಗುರುತಿನ ಪ್ರಶ್ನೆ ಹಾಕಲಿ. ಹುಮನಾಬಾದ್, ಬಸವಕಲ್ಯಾಣ ತಾಲ್ಲೂಕುಗಳಿಗೆ ಉಪಯೋಜನೆಯಡಿ ಬರಬೇಕಿದ್ದ ಹಣದಲ್ಲಿ ಎಷ್ಟು ಗ್ಯಾರಂಟಿಗೆ ಹೋಯಿತು, ಎಷ್ಟು ಕೊಳವೆಬಾವಿ, ಎಷ್ಟು ಹಾಸ್ಟೆಲ್ ನಿಂತುಹೋದವು, ಗೃಹಲಕ್ಷ್ಮಿಯ ಎಷ್ಟು ಕಂತು ಬಾಕಿ ಇವೆ ಎಂದು ಕೇಳಲಿ. ಡೀಸೆಲ್ ತೆರಿಗೆ ಇಳಿಸಬೇಕು ಎನ್ನುವುದಾದರೆ ಆ ಆದಾಯಕ್ಕೆ ಬದಲಾಗಿ ಯಾವ ಖರ್ಚನ್ನು ಕಡಿಯುತ್ತೀರಿ ಎಂಬುದನ್ನೂ ಅಲ್ಲಿಯೇ ಹೇಳಲಿ, ಸಿಲಿಂಡರಿನ 50 ರೂಪಾಯಿ ಇಳಿಸಲು ತಮ್ಮ ಪಕ್ಷದ ಕೇಂದ್ರ ಸಚಿವರಿಗೆ ಪತ್ರ ಬರೆಯಲಿ. ಸಾಗರ್ ಖಂಡ್ರೆಯವರು ಲೋಕಸಭೆಯಲ್ಲಿ ಇಂಧನ ಸುಂಕದಲ್ಲಿ ರಾಜ್ಯಗಳಿಗೆ ಹಂಚದ ಭಾಗ ಎಷ್ಟು ಎಂದು ಕೇಳಲಿ, ಡೀಸೆಲ್ ತೆರಿಗೆಯನ್ನು 2024ರ ಜೂನ್‌ನ ಹಿಂದಿನ ದರಕ್ಕೆ ತರುವಂತೆ ತಮ್ಮದೇ ಪಕ್ಷದ ಮುಖ್ಯಮಂತ್ರಿಗೆ ಪತ್ರ ಬರೆಯಲಿ. ಪ್ರಶ್ನೆಗಳೂ ಪತ್ರಗಳೂ ಬಂದ ಉತ್ತರಗಳೂ ಕನ್ನಡದಲ್ಲಿ ಹುಡಗಿಯ ಗ್ರಾಮ ಪಂಚಾಯಿತಿಗೆ ತಲುಪಲಿ, ಗ್ರಾಮಸಭೆಯಲ್ಲಿ ಓದಿ ಹೇಳಲಿ.