ಗುಜರಿಯಿಂದ ಬಂದ ಆಟದ ಯಂತ್ರ

ಹಳೆಯ ಸಾಮಾನನ್ನು ಹಣ ತೆತ್ತು ಮನೆಗೆ ತರುವವನನ್ನು ನಮ್ಮ ಕಡೆ ಯಾರೂ ಬುದ್ಧಿವಂತನೆಂದು ಎಣಿಸುವುದಿಲ್ಲ. ಕಳೆದ ಬೇಸಗೆಯಲ್ಲಿ ಚಿನ್ನದ ಗಣಿಗಳ ಊರಾದ ರಾಬರ್ಟ್‌ಸನ್‌ಪೇಟೆಯ ಗುಜರಿ ಅಂಗಡಿಯೊಂದರಿಂದ ಆಳೆತ್ತರದ ಮರದ ಪೆಟ್ಟಿಗೆಯೊಂದನ್ನು ಹೇರಿಸಿಕೊಂಡು ಬಂದು ದೇವರಾಯಸಮುದ್ರದ ನಮ್ಮ ಮನೆಯ ಮುಂದೆ ಇಳಿಸಿದಾಗ, ನೆರೆಹೊರೆಯವರು ಅದನ್ನು ರಾಗಿ ಬೀಸುವ ಗಿರಣಿಯೆಂದು ಭಾವಿಸಿ ಸಂತೋಷಪಟ್ಟರು. ಆಟದ ಯಂತ್ರವೆಂದು ತಿಳಿದ ಮೇಲೆ ಆ ಸಂತೋಷ ಉಳಿಯಲಿಲ್ಲ. ನಮ್ಮ ತಾಯಿಯವರು, "ಇದಕ್ಕೆ ದುಡ್ಡು ಬೇರೆ ಕೊಟ್ಟೆಯೇನಪ್ಪ?" ಎಂದಷ್ಟೇ ಕೇಳಿ ಒಳಕ್ಕೆ ಹೋದರು.

ಭೌತಶಾಸ್ತ್ರವನ್ನು ಬೋಧಿಸಿ ಜೀವಿಸುವ ನಾವು ಇಂಥ ಕೆಲಸಕ್ಕೆ ಏಕೆ ಕೈಹಾಕಿದೆವು, ಅದರಿಂದ ಯಾವ ಅಭಿಪ್ರಾಯಕ್ಕೆ ಬಂದೆವು ಎಂಬುದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ನಾಣ್ಯ ಹಾಕಿ ಆಡುವ ವಿಡಿಯೋ ಆಟದ ಯಂತ್ರಗಳಿಗೆ ಅಮೆರಿಕದಲ್ಲಿ ಜನಪ್ರಿಯತೆ ಬಂದದ್ದು ೧೯೭೨ರಲ್ಲಿ ಅಟಾರಿ ಕಂಪನಿಯವರು ಹೊರತಂದ ಪಾಂಗ್ ಎಂಬ ಆಟದಿಂದ. ೧೯೭೮ರಲ್ಲಿ ಜಪಾನಿನ ಟೈಟೋ ಕಂಪನಿಯ ಸ್ಪೇಸ್ ಇನ್ವೇಡರ್ಸ್ ಆ ಹುಚ್ಚನ್ನು ಲೋಕಕ್ಕೆಲ್ಲ ಹಬ್ಬಿಸಿತು. ನಾವು ಶಾಲಾ ಬಾಲಕರಾಗಿದ್ದ ಕಾಲಕ್ಕೆ ಅದು ನಮ್ಮ ಪಟ್ಟಣಗಳ ಬಸ್ ನಿಲ್ದಾಣಗಳನ್ನೂ ತಲಪಿತ್ತು. ಕ್ಯಾಪ್‌ಕಾಮ್ ಕಂಪನಿ ೧೯೯೩ರಲ್ಲಿ ತಯಾರಿಸಿದ 'ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್' ಎಂಬ ಆಟವನ್ನು ಅದರ ನಿಜವಾದ ಹೆಸರಿನಿಂದ ಕರೆದವನನ್ನು ನಾವು ಕಂಡಿಲ್ಲ. ಅದರೊಳಗಿನ ಹಳದಿ ಟೊಪ್ಪಿಗೆಯ ವೀರನ ಹೆಸರಿನಿಂದ ಅದು ಎಲ್ಲರಿಗೂ 'ಮುಸ್ತಫಾ'. ತರಕಾರಿಗೆಂದು ಕೊಟ್ಟ ಹಣದಲ್ಲಿ ಒಂದು ರೂಪಾಯಿ ಉಳಿಸಿ ಆ ಯಂತ್ರದ ಮುಂದೆ ನಿಂತ ಬಾಲಕರಲ್ಲಿ ನಾವೂ ಒಬ್ಬರು. ಗುಜರಿಯಲ್ಲಿ ಕಂಡದ್ದು ಅದೇ ಮುಸ್ತಫಾ.

ಪೆಟ್ಟಿಗೆಯ ತಳವನ್ನು ಗೆದ್ದಲು ತಿಂದಿತ್ತು. ನಾಣ್ಯದ ಕಂಡಿಗೆ ತಗಡು ಬಡಿದು, ಅಲ್ಲಿಂದ ಎರಡು ತಂತಿಗಳನ್ನು ಎಳೆದು ಒಂದು ಗುಂಡಿಗೆ ಸೇರಿಸಲಾಗಿತ್ತು. ಅಂಗಡಿಯವನು ಹಣವನ್ನು ಕೈಯಲ್ಲಿ ಪಡೆದು ಗುಂಡಿ ಒತ್ತುತ್ತಿದ್ದನೆಂದು ತೋರುತ್ತದೆ. ಬಡಗಿಯ ಕೆಲಸ ನಾಲ್ಕು ದಿನಗಳಲ್ಲಿ ಮುಗಿಯಿತು. ಆಟದ ಫಲಕವನ್ನು ಪೆಟ್ಟಿಗೆಗೆ ಜೋಡಿಸುವ ಏರ್ಪಾಡು ೧೯೮೫ರಲ್ಲಿ ಜಪಾನಿನ ತಯಾರಕರು ಗೊತ್ತುಮಾಡಿದ ಜಮ್ಮಾ ಎಂಬ ೫೬ ಸಂಪರ್ಕಗಳ ಕ್ರಮದ್ದಾದುದರಿಂದ, ತುಂಡಾದ ತಂತಿಗಳನ್ನು ಮರಳಿ ಕೂಡಿಸುವುದೂ ಕಷ್ಟವಾಗಲಿಲ್ಲ. ಕಷ್ಟವೆಲ್ಲ ಇದ್ದದ್ದು ಚಿತ್ರ ಮೂಡುವ ಗಾಜಿನ ನಳಿಕೆಯ ಕಡೆಗೆ.

ಮಿತ್ರರು ಬಹು ಸುಲಭವಾದ ದಾರಿಯನ್ನು ತೋರಿಸಿದರು. ನಳಿಕೆಯನ್ನು ಕಿತ್ತೊಗೆದು ಚಪ್ಪಟೆಯಾದ ಹೊಸ ಪರದೆಯನ್ನು ಕೂರಿಸಿ, ಅಂಗೈಯಗಲದ ಕಂಪ್ಯೂಟರೊಂದನ್ನು ಒಳಗಿಟ್ಟರೆ ಒಂದು ಆಟವೇನು, ಸಾವಿರ ಆಟಗಳನ್ನು ಆಡಬಹುದು ಎಂದರು. ಈ ಸಲಹೆಯನ್ನು ನಾವು ತುಚ್ಛೀಕರಿಸುವುದಿಲ್ಲ. ೧೯೯೭ರಲ್ಲಿ ಹುಟ್ಟಿದ ಮೇಮ್ ಎಂಬ ತಂತ್ರಾಂಶ ಹಳೆಯ ಯಂತ್ರಗಳನ್ನು ಕಂಪ್ಯೂಟರಿನಲ್ಲಿ ಅನುಕರಿಸಿ ಅಸಂಖ್ಯಾತ ಆಟಗಳನ್ನು ನಾಶದಿಂದ ಕಾಪಾಡಿದೆ. ಕ್ಯಾಪ್‌ಕಾಮ್‌ನವರ ಮುಂದಿನ ಕೆಲವು ಫಲಕಗಳಲ್ಲಿ ಗೂಢಲಿಪಿಯ ಕೀಲಿಯನ್ನು ಒಂದು ಸಣ್ಣ ಬ್ಯಾಟರಿ ಕಾಯುತ್ತಿತ್ತು; ಬ್ಯಾಟರಿ ಸತ್ತ ದಿನ ಫಲಕವೂ ಸತ್ತಂತೆ. ಆ ಗೂಢಲಿಪಿಯನ್ನು ೨೦೦೭ರಲ್ಲಿ ಉತ್ಸಾಹಿಗಳು ಭೇದಿಸಿದರು; ೨೦೧೬ರಲ್ಲಿ ಸತ್ತ ಫಲಕಕ್ಕೆ ಕೀಲಿಯನ್ನು ಮರಳಿ ತುಂಬುವ ಉಪಾಯವನ್ನೂ ಕಂಡುಕೊಂಡರು. ಮುಸ್ತಫಾದ ಅಸಲಿ ಫಲಕದಲ್ಲಿಯೂ ಶಬ್ದದ ಭಾಗಕ್ಕೆ ಅಂಥ ಬ್ಯಾಟರಿಯೊಂದಿದೆ. ನಮಗೆ ದೊರೆತದ್ದು ನಕಲಿ ಫಲಕ. ನಕಲು ಮಾಡಿದವರು ಗೂಢಲಿಪಿಯ ಗೊಡವೆಗೇ ಹೋಗದಿದ್ದುದರಿಂದ ಅದು ಗುಜರಿಯಲ್ಲಿ ಬಿದ್ದಿದ್ದರೂ ಜೀವ ಹಿಡಿದುಕೊಂಡಿತ್ತು! ಅಂತೂ ಆಟದ ಲೆಕ್ಕಾಚಾರಕ್ಕೆ ಈಗ ಅಪಾಯವಿಲ್ಲ; ಅದು ಸಂಖ್ಯೆಗಳ ರೂಪದಲ್ಲಿ ಎಷ್ಟು ಪ್ರತಿಗಳಾಗಿಯಾದರೂ ಉಳಿಯಬಲ್ಲುದು. ಸಂಖ್ಯೆಯಾಗಿ ಉಳಿಯಲಾರದ್ದು ನಳಿಕೆ.

ಈ ಕ್ಯಾಥೋಡ್ ಕಿರಣ ನಳಿಕೆಯನ್ನು ಜರ್ಮನಿಯ ಬ್ರೌನ್ ರೂಪಿಸಿದ್ದು ೧೮೯೭ರಲ್ಲಿ. ಅದೇ ವರ್ಷ ಕೇಂಬ್ರಿಜ್ಜಿನಲ್ಲಿ ಥಾಮ್ಸನ್ನರು ಇಂಥದೇ ಕಿರಣಗಳನ್ನು ಬಾಗಿಸಿ ಎಲೆಕ್ಟ್ರಾನನ್ನು ಕಂಡುಹಿಡಿದರು. ನಮ್ಮ ಪೆಟ್ಟಿಗೆಯಲ್ಲಿರುವ ನಳಿಕೆಯ ವಿಭವ ಸುಮಾರು ೨೦ ಸಾವಿರ ವೋಲ್ಟ್. ಕತ್ತಿನ ತುದಿಯಲ್ಲಿ ಹೊರಟ ಎಲೆಕ್ಟ್ರಾನು ಗಾಜಿನ ಮುಖವನ್ನು ತಾಕುವಾಗ ಸೆಕೆಂಡಿಗೆ ೮೦ ಸಾವಿರ ಕಿಲೋಮೀಟರಿಗೂ ತುಸು ಹೆಚ್ಚಿನ ವೇಗ, ಎಂದರೆ ಬೆಳಕಿನ ವೇಗದ ಕಾಲು ಭಾಗಕ್ಕೂ ಮಿಗಿಲಾದ ವೇಗ, ಅದಕ್ಕಿರುತ್ತದೆ. ಐನ್‌ಸ್ಟೈನರನ್ನು ಮರೆತು ಲೆಕ್ಕ ಮಾಡಿದರೆ ಉತ್ತರ ಶೇಕಡಾ ೩ರಷ್ಟು ತಪ್ಪುತ್ತದೆ. ಸಾಪೇಕ್ಷತಾ ಸಿದ್ಧಾಂತವು ನಕ್ಷತ್ರಲೋಕದ ವಿಷಯವೆಂದು ನಂಬಿರುವ ವಿದ್ಯಾರ್ಥಿಗೆ, ಬಸ್ ನಿಲ್ದಾಣದ ಆಟದ ಯಂತ್ರದಲ್ಲಿಯೂ ಅದು ಲೆಕ್ಕಕ್ಕೆ ಬರುತ್ತದೆಂದು ತೋರಿಸುವ ಸುಖವನ್ನು ಅಧ್ಯಾಪಕರೇ ಬಲ್ಲರು. ಈ ಕಿರಣ ಒಂದೊಂದು ಚಿತ್ರಕ್ಕೆ ೨೬೨ ಗೆರೆಗಳಂತೆ ಸೆಕೆಂಡಿಗೆ ಸುಮಾರು ೬೦ ಚಿತ್ರಗಳನ್ನು ಬರೆಯುತ್ತದೆ. ಆಟದ ಚಿತ್ರ ಕಾಣಿಸುವುದು ೨೨೪ ಗೆರೆಗಳಲ್ಲಿ. ಗೆರೆಗೂ ಗೆರೆಗೂ ನಡುವೆ ತೆಳುವಾದ ಕತ್ತಲೆಯಿರುತ್ತದೆ. ಹೊಸ ಪರದೆಯಲ್ಲಿ ಚೌಕ ಚೌಕವಾಗಿ ಒಡೆದು ಕಾಣುವ ಮುಸ್ತಫಾನ ಮುಖ ನಳಿಕೆಯ ಮೇಲೆ ದುಂಡಾಗಿ ಕಾಣುವುದು ಈ ಕತ್ತಲೆಯ ಮತ್ತು ರಂಜಕದ ಹೊಳಪಿನ ಕೃಪೆಯಿಂದ. ಚಿತ್ರ ಬರೆದವರು ಈ ಗಾಜನ್ನು ನೋಡಿಕೊಂಡೇ ಬರೆದವರು.

ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯೇ ಒಂದು ಕಾಲಕ್ಕೆ ಕಪ್ಪು-ಬಿಳುಪು ಚಿತ್ರನಳಿಕೆಗಳನ್ನು ತಯಾರಿಸುತ್ತಿತ್ತು. ಇಂದು ಈ ಬಗೆಯ ಆಟದ ಯಂತ್ರಕ್ಕೆ ಹೊಸ ನಳಿಕೆ ಬೇಕೆಂದರೆ ಯಾವ ಅಂಗಡಿಯವನೂ ಕೊಡಲಾರ. ಇರುವುದು ಹಳೆಯವು ಮಾತ್ರ. ಅವೂ ದಿನದಿನಕ್ಕೆ ಕಡಿಮೆಯಾಗುತ್ತಿವೆ. ನಾವು ಪೆಟ್ಟಿಗೆಯನ್ನು ಕೊಂಡ ಅಂಗಡಿಯ ಹಿತ್ತಿಲಿನಲ್ಲಿಯೇ ಕತ್ತು ಮುರಿದ ಹನ್ನೊಂದು ನಳಿಕೆಗಳನ್ನು ಎಣಿಸಿದೆವು. ಕತ್ತಿನ ಸುತ್ತಲಿನ ಸುರುಳಿಯ ತಾಮ್ರಕ್ಕಾಗಿ ಅವುಗಳನ್ನು ಮುರಿಯುತ್ತಾರೆ. ತೂಕಕ್ಕೆ ಇಷ್ಟು ಎಂದು ತಾಮ್ರ ಹೋಗುತ್ತದೆ, ಗಾಜು ಅಲ್ಲಿಯೇ ಉಳಿಯುತ್ತದೆ. ಎಕ್ಸ್ ಕಿರಣಗಳನ್ನು ತಡೆಯಲೆಂದು ಬಣ್ಣದ ನಳಿಕೆಯ ಆಲಿಕೆಯಾಕಾರದ ಭಾಗದ ಗಾಜಿನಲ್ಲಿ ಶೇಕಡಾ ೨೦ರ ಆಸುಪಾಸಿನಷ್ಟು ಸೀಸದ ಆಕ್ಸೈಡ್ ಇರುವುದರಿಂದ, ಅದು ಹಿತ್ತಿಲಿನಲ್ಲಿ ಬಿದ್ದಿರತಕ್ಕ ವಸ್ತುವಲ್ಲ.

ನಳಿಕೆಯನ್ನು ಉಳಿಸಿಕೊಳ್ಳುವುದೆಂದು ನಿಶ್ಚಯಿಸಿದೆವು. ಆದರೆ ಎಂ.ಎಸ್ಸಿ. ಪದವಿ ನಮ್ಮನ್ನು ಯಂತ್ರದ ಹಿಂಬಾಗಿಲವರೆಗೆ ಮಾತ್ರ ಕರೆದೊಯ್ದಿತು ಎಂಬುದನ್ನು ಒಪ್ಪಿಕೊಳ್ಳಲೇಬೇಕು. ಮುಂದಿನ ದಾರಿ ತೋರಿಸಿದವರು ಮುಳುಬಾಗಿಲಿನ ಹಿರಿಯ ಟಿ.ವಿ. ಮೆಕ್ಯಾನಿಕ್ ಒಬ್ಬರು. ಮೂವತ್ತು ವರ್ಷಕ್ಕೂ ಮಿಕ್ಕಿ ಬೆಸುಗೆ ಹಾಕಿದ ಕೈ ಅವರದು. ಅವರ ಅಂಗಡಿಯ ಮುಂಭಾಗದಲ್ಲಿ ಈಗ ಮಗ ಮೊಬೈಲ್ ಫೋನಿನ ಕವಚಗಳನ್ನು ಮಾರುತ್ತಾನೆ.

ಅವರು ಹೇಳಿದ ಮೊದಲ ಮಾತು: "ಮೇಷ್ಟ್ರೇ, ಎಡಗೈ ಜೇಬಿನಲ್ಲಿರಲಿ." ಎರಡೂ ಕೈ ಒಳಗಿದ್ದರೆ ವಿದ್ಯುತ್ತು ಒಂದು ಕೈಯಿಂದ ಎದೆಯ ಮೂಲಕ ಇನ್ನೊಂದಕ್ಕೆ ಹರಿಯಬಹುದು. ನಳಿಕೆಯ ೨೦ ಸಾವಿರ ವೋಲ್ಟಿಗೆ ಎಲ್ಲರೂ ಹೆದರುತ್ತಾರೆ. ಅವರಾದರೋ ಫಲಕದ ಮೂಲೆಯಲ್ಲಿದ್ದ ದಪ್ಪ ಧಾರಕವನ್ನು ತೋರಿಸಿ ಅದಕ್ಕೆ ಹೆಚ್ಚು ಹೆದರಿರೆಂದರು. ಮನೆಗೆ ಬಂದು ಲೆಕ್ಕ ಹಾಕಿದೆವು. ನಳಿಕೆಯೂ ಒಂದು ಧಾರಕವೇ. ಸುಮಾರು ಎರಡು ನ್ಯಾನೋಫ್ಯಾರಡ್ ಎಂದರೆ ಅದರಲ್ಲಿ ಸಂಗ್ರಹವಾಗುವ ಶಕ್ತಿ ೦.೪ ಜೂಲ್. ೩೨೫ ವೋಲ್ಟಿನ ೨೨೦ ಮೈಕ್ರೋಫ್ಯಾರಡ್ ಧಾರಕದಲ್ಲಿರುವುದು ೧೧ ಜೂಲ್‌ಗೂ ಹೆಚ್ಚು: ಒಂದು ಕಿಲೋಗ್ರಾಂ ಕಲ್ಲು ಎದೆಯೆತ್ತರದಿಂದ ಬಿದ್ದಷ್ಟು. ನಳಿಕೆಯ ಹೊಡೆತವೂ ಸಣ್ಣದಲ್ಲ. ಬೆಚ್ಚಿದ ಕೈ ಗಾಜಿನ ಕತ್ತನ್ನು ಮುರಿದೀತು, ಮೈಗೆ ದೌರ್ಬಲ್ಯವಿದ್ದವರಿಗೆ ಇನ್ನೂ ಕೆಡುಕಾದೀತು. ಆದರೂ ಹೋಲಿಕೆಯಲ್ಲಿ ಅವರ ಮಾತೇ ಸರಿ. ಬಲ್ಲವರು ಪಕ್ಕದಲ್ಲಿಲ್ಲದೆ ಇಂಥ ಪೆಟ್ಟಿಗೆಯ ಹಿಂಬಾಗಿಲನ್ನು ಯಾವ ವಾಚಕರೂ ತೆರೆಯಬಾರದೆಂದು ಇಲ್ಲಿಯೇ ಕೇಳಿಕೊಳ್ಳುತ್ತೇವೆ.

ಅವರು ಯಂತ್ರಕ್ಕೆ ನೇರವಾಗಿ ವಿದ್ಯುತ್ತು ಕೊಡಲಿಲ್ಲ. ೧೦೦ ವ್ಯಾಟಿನ ಹಳೆಯ ಬಲ್ಬೊಂದನ್ನು ಸರಣಿಯಲ್ಲಿ ಸೇರಿಸಿದರು. ತಣ್ಣಗಿರುವಾಗ ಬಲ್ಬಿನ ತಂತಿಯ ರೋಧ ಉರಿಯುವಾಗಿನ ರೋಧದ ಹತ್ತನೆಯ ಒಂದು ಪಾಲಿಗಿಂತಲೂ ಕಡಿಮೆ. ಯಂತ್ರ ನೆಟ್ಟಗಿದ್ದರೆ ಬಲ್ಬು ಮಿಂಚಿ ಮಂಕಾಗುತ್ತದೆ. ಒಳಗೆ ಎಲ್ಲಿಯಾದರೂ ಶಾರ್ಟ್ ಆಗಿದ್ದರೆ ತಾನೇ ಧಗಧಗನೆ ಉರಿದು, ರೋಧವನ್ನು ಏರಿಸಿ, ಯಂತ್ರವನ್ನು ಸುಡದಂತೆ ಕಾಯುತ್ತದೆ. ನಮ್ಮ ಬಲ್ಬು ಉರಿಯಿತು. ಎರಡು ದಿನ ಹುಡುಕಿದ ಮೇಲೆ ಸುಟ್ಟ ಟ್ರಾನ್ಸಿಸ್ಟರೂ, ಒಣಗಿದ ಆರು ಧಾರಕಗಳೂ, ಇ.ಎಚ್.ಟಿ. ಟ್ರಾನ್ಸ್‌ಫಾರ್ಮರಿನ ಕಾಲಿನಲ್ಲಿ ಕೂದಲೆಳೆಯ ಬಿರುಕೂ ಸಿಕ್ಕಿದವು. ಈ ಬಿರುಕಿಗೆ ಅವರ ಕಸುಬಿನಲ್ಲಿ 'ಡ್ರೈ ಸೋಲ್ಡರ್' ಎಂದು ಹೆಸರು.

ಚಿತ್ರ ಬಂತು, ಆದರೆ ಎಡಮೂಲೆಯಲ್ಲಿ ಕಾಡು ನೇರಳೆಯಾಗಿಯೂ ಆಕಾಶ ಹಸುರಾಗಿಯೂ ಕಂಡವು. ರಂಜಕದ ಹಿಂದಿರುವ ರಂಧ್ರಗಳ ಉಕ್ಕಿನ ತಗಡು ಕಾಂತವಾಗಿಬಿಟ್ಟಿತ್ತು. ಅವರು ಹಳೆಯ ಟಿ.ವಿ.ಯೊಂದರಿಂದ ಬಿಚ್ಚಿಟ್ಟಿದ್ದ ಬಳೆಯಾಕಾರದ ಸುರುಳಿಗೆ ತಕ್ಕ ರೋಧದ ಮೂಲಕ ಪರ್ಯಾಯ ವಿದ್ಯುತ್ತನ್ನು ಹರಿಸಿ, ಗಾಜಿನ ಮುಂದೆ ಆರತಿಯೆತ್ತುವಂತೆ ಸುತ್ತಿಸುತ್ತ, ಎರಡು ಮಾರು ಹಿಂದಕ್ಕೆ ನಡೆದು ಆರಿಸಿದರು. ಬಣ್ಣ ತಿಳಿಯಾಯಿತು. ಪ್ರತಿ ವರ್ಷ ನಾವು ಕರಿಹಲಗೆಯ ಮೇಲೆ ಬರೆಯುವ ಕಾಂತೀಯ ಮಂದನದ ಕುಣಿಕೆ, ಸೆಕೆಂಡಿಗೆ ಐವತ್ತು ಸಲ ಸುತ್ತುತ್ತ ಚಿಕ್ಕದಾಗಿ ಚಿಕ್ಕದಾಗಿ ಸೊನ್ನೆಗೆ ಸೇರುವುದನ್ನು ನಾವು ಕಣ್ಣಾರೆ ಕಂಡದ್ದು ಅಂದೇ. ಅವರಿಗೆ ಆ ಕುಣಿಕೆಯ ಹೆಸರು ತಿಳಿಯದು. ನಮಗೆ ಹೆಸರು ತಿಳಿದಿತ್ತು, ಕೈ ತಿಳಿದಿರಲಿಲ್ಲ.

ನಮ್ಮ ಅಭಿಪ್ರಾಯ ಹುಟ್ಟಿದ್ದು ಇಲ್ಲಿ. ನಮ್ಮ ಪದವಿ ತರಗತಿಗಳಲ್ಲಿ ಎಲೆಕ್ಟ್ರಾನಿನ ವಿದ್ಯುದಂಶಕ್ಕೂ ದ್ರವ್ಯರಾಶಿಗೂ ಇರುವ ಪ್ರಮಾಣವನ್ನು ವಿದ್ಯಾರ್ಥಿಗಳು ಕಿರಣನಳಿಕೆಯಿಂದ ಅಳೆಯುತ್ತಾರೆ. ನಳಿಕೆ ಮುಚ್ಚಿದ ಡಬ್ಬಿಯಲ್ಲಿರುತ್ತದೆ. ಮೂರು ತಿರುಪುಗಳನ್ನು ತಿರುಗಿಸಿ, ಉತ್ತರವನ್ನು ಪುಸ್ತಕಕ್ಕೆ ಹೊಂದಿಸಿ, ಸಹಿ ಪಡೆದು ಮನೆಗೆ ಹೋಗುತ್ತಾರೆ. ಅದೇ ವೇಳೆಗೆ ಹತ್ತು ಮೈಲಿಯೊಳಗೆ ಅದೇ ನಳಿಕೆಗಳು ತಾಮ್ರಕ್ಕಾಗಿ ಮುರಿಯಲ್ಪಡುತ್ತಿವೆ. ಅವುಗಳನ್ನು ಬಲ್ಲ ಮನುಷ್ಯ ಅಂಗಡಿಯ ಹಿಂಭಾಗದಲ್ಲಿ ಸುಮ್ಮನೆ ಕುಳಿತಿದ್ದಾನೆ. ಪ್ರತಿ ತಾಲ್ಲೂಕಿನ ಕಾಲೇಜೂ ಒಡೆಯದ ನಾಲ್ಕು ನಳಿಕೆಗಳನ್ನು ಕೊಂಡಿಟ್ಟು, ಅಂಥ ಒಬ್ಬ ಮೆಕ್ಯಾನಿಕ್‌ಗೆ ವಾರಕ್ಕೊಂದು ಮಧ್ಯಾಹ್ನದ ಸಂಬಳ ಕೊಟ್ಟು ಪ್ರಯೋಗಶಾಲೆಗೆ ಕರೆಸಬೇಕೆಂಬುದು ನಮ್ಮ ವಾದ. ೨೦೨೨ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ರಿಪೇರಿಯ ಹಕ್ಕಿಗಾಗಿ ಜಾಲತಾಣವನ್ನು ತೆರೆಯಿತು. ವಿದ್ಯುನ್ಮಾನ ತ್ಯಾಜ್ಯದ ಹೊಸ ನಿಯಮಗಳು ೨೦೨೩ರ ಏಪ್ರಿಲ್ ಒಂದರಿಂದ ಜಾರಿಗೆ ಬಂದವು. ಎರಡೂ ಒಳ್ಳೆಯವೇ. ಆದರೆ ರಿಪೇರಿ ಮಾಡುವ ಕೈಗಳೇ ಇಲ್ಲವಾದರೆ ಹಕ್ಕನ್ನು ಚಲಾಯಿಸುವವರು ಯಾರು?

ಸೀಸವಿರುವ ವಸ್ತುವನ್ನು ಕಾಲೇಜಿನಲ್ಲಿಡಬಹುದೇ ಎಂದು ಸಹೋದ್ಯೋಗಿಗಳೊಬ್ಬರು ಆಕ್ಷೇಪಿಸಿದರು. ಒಡೆಯದ ಗಾಜಿನಲ್ಲಿ ಸೀಸ ಸೆರೆಯಲ್ಲಿಯೇ ಇರುತ್ತದೆ. ಹಿತ್ತಿಲಿನಲ್ಲಿ ಪುಡಿಯಾದಾಗಲೇ ಅದಕ್ಕೆ ಬಿಡುಗಡೆ. ಜೂಜಿನಂಥ ಆಟಕ್ಕೆ ವಿದ್ಯಾಲಯದಲ್ಲಿ ಸ್ಥಾನವೇ ಎಂದು ಮತ್ತೊಬ್ಬರು ಕೇಳಿದರು. ಅವರು ಮುಸ್ತಫಾ ಆಡಿದವರಲ್ಲವೆಂದು ಕಾಣುತ್ತದೆ. ಹಳೆಯದನ್ನೆಲ್ಲ ಕೂಡಿಡುತ್ತ ಹೋದರೆ ಕೊನೆಯೆಲ್ಲಿ ಎಂಬ ಮೂರನೆಯ ಪ್ರಶ್ನೆ ಮಾತ್ರ ತೂಕದ್ದು. ೧೯೬೫ರಲ್ಲಿ ಇದೇ ಚಿನ್ನದ ಗಣಿಯಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಸುಳಿವನ್ನು ಲೋಕದಲ್ಲಿ ಮೊದಲು ಕಂಡವರ ಸಾಲಿನಲ್ಲಿ ನಮ್ಮ ದೇಶದ ವಿಜ್ಞಾನಿಗಳೂ ಇದ್ದರು. ೨೦೦೧ರಲ್ಲಿ ಗಣಿಯೇ ಮುಚ್ಚಿತು. ಆ ಪ್ರಯೋಗದ ಒಂದು ಬಿಡಿಭಾಗವನ್ನೂ ನಮ್ಮ ವಿದ್ಯಾರ್ಥಿಗಳು ಮುಟ್ಟಿ ನೋಡಿಲ್ಲ. ಎಲ್ಲವನ್ನೂ ಇಡಲಾಗದು, ನಿಜ. ಮತ್ತೆ ಮಾಡಲಾಗದ್ದನ್ನು ಇಡೋಣವೆನ್ನುತ್ತೇವೆ.

ಪ್ರಾಂಶುಪಾಲರು ಸದ್ಯಕ್ಕೆ ಒಂದು ನಳಿಕೆಗೆ ಒಪ್ಪಿದ್ದಾರೆ. ಎಲ್ಲಿಡಬೇಕೆಂದು ಬರೆದುಕೊಡಲು ಹೇಳಿದ್ದಾರೆ. ಮೆಕ್ಯಾನಿಕ್‌ರನ್ನು ವಿಚಾರಿಸಿ ಹೀಗೆ ಬರೆದುಕೊಟ್ಟಿದ್ದೇವೆ: ಪಶ್ಚಿಮದ ಗೋಡೆಗೆ ಬೆನ್ನು, ಪೂರ್ವಕ್ಕೆ ಮುಖ, ಕಬ್ಬಿಣದ ಬೀರುವಿನಿಂದ ಆರು ಅಡಿ ದೂರ.