ಬಿಲ್ಲಿನ ಭಯವೂ ವಿಳಂಬವೇ

ಒಂದು ದೇಶದ ಆಂಬುಲೆನ್ಸ್ ಸೇವೆ ಒಳ್ಳೆಯದೋ ಕೆಟ್ಟದೋ ಎಂಬುದನ್ನು ಅಳೆಯುವುದು ಹೇಗೆ? ಕರೆ ಮಾಡಿದ ಎಷ್ಟು ನಿಮಿಷಕ್ಕೆ ವಾಹನ ಬಂತು, ಬಂದವರಿಗೆ ಎಷ್ಟು ತರಬೇತಿಯಿತ್ತು, ಅವರ ಬಳಿ ಯಾವ ಸಲಕರಣೆಗಳಿದ್ದವು ಎಂದು ನೋಡಬೇಕು ಎನ್ನುವಿರಿ. ತಪ್ಪಿಲ್ಲ. ಆದರೆ ಈ ಲೆಕ್ಕವೆಲ್ಲ ಆರಂಭವಾಗುವುದು ಯಾರೋ ಒಬ್ಬರು ದೂರವಾಣಿಯನ್ನು ಕೈಗೆತ್ತಿಕೊಂಡ ಮೇಲೆ. ಅದಕ್ಕೂ ಮುಂಚೆ, ಕರೆಯಬೇಕೋ ಬೇಡವೋ ಎಂದು ಮನೆಯವರು ಮುಖ ಮುಖ ನೋಡಿಕೊಳ್ಳುತ್ತ ಕಳೆದ ನಿಮಿಷಗಳನ್ನು ಬರೆದಿಡುವವರು ಯಾರು? ಜಗತ್ತಿನ ಅತಿ ಶ್ರೀಮಂತ ದೇಶಗಳಲ್ಲಿ ಒಂದಾದ ಸ್ವಿಟ್ಜರ್ಲೆಂಡ್ ಎಡವಿರುವುದು ಇಲ್ಲಿಯೇ ಎಂಬುದು ನನ್ನ ವಾದ.

ಮೊದಲು ಸಲ್ಲಬೇಕಾದ ಮೆಚ್ಚುಗೆ ಸಲ್ಲಲಿ. ಸ್ವಿಟ್ಜರ್ಲೆಂಡ್ ಸುಮಾರು 41,000 ಚದರ ಕಿಲೋಮೀಟರಿನ ಪುಟ್ಟ ದೇಶ. ಅದರ ಅರ್ಧಕ್ಕೂ ಹೆಚ್ಚು ಭಾಗ ಆಲ್ಪ್ಸ್ ಪರ್ವತಗಳದ್ದು. ಜನಸಂಖ್ಯೆ ಸುಮಾರು 90 ಲಕ್ಷ. ಎಲ್ಲಿಂದ 144ಕ್ಕೆ ಕರೆ ಮಾಡಿದರೂ ವೈದ್ಯಕೀಯ ತುರ್ತುಸೇವೆಯ ಕೇಂದ್ರ ಓಗೊಡುತ್ತದೆ. ಆಂಬುಲೆನ್ಸಿನಲ್ಲಿ ಬರುವ ಸಿಬ್ಬಂದಿಯು ಚಾಲನೆಯನ್ನಷ್ಟೇ ಕಲಿತವರಲ್ಲ; ಅವರಲ್ಲಿ ಮೂರು ವರ್ಷಗಳ ವೃತ್ತಿಶಿಕ್ಷಣ ಪಡೆದ ತಜ್ಞರಿರುತ್ತಾರೆ. ಪ್ರಾಣಾಪಾಯದ ಸಂದರ್ಭಗಳಲ್ಲಿ ನೂರಕ್ಕೆ ತೊಂಬತ್ತು ಕರೆಗಳಿಗಾದರೂ 15 ನಿಮಿಷಗಳೊಳಗೆ ತಲುಪಬೇಕೆಂಬುದು ಅಲ್ಲಿನ ತುರ್ತುಸೇವಾ ವಲಯವು ಹಾಕಿಕೊಂಡ ಗುರಿ. ಕಡಿದಾದ ಕಣಿವೆಗಳಲ್ಲಿ, ಚದುರಿದ ಹಳ್ಳಿಗಳಲ್ಲಿ, ಹಿಮ ಬಿದ್ದ ರಸ್ತೆಗಳಲ್ಲಿ ಈ ಗುರಿಯನ್ನು ಮುಟ್ಟುವುದು ನಗರಗಳಲ್ಲಿ ಮುಟ್ಟಿದಷ್ಟು ಸುಲಭವಲ್ಲ. ಪ್ರಕೃತಿಯೇ ಒಡ್ಡಿದ ಈ ಅಡ್ಡಿಗಾಗಿ ಯಾರನ್ನೂ ದೂಷಿಸುವುದು ನ್ಯಾಯವಲ್ಲ.

ರಸ್ತೆ ಸೋತಲ್ಲಿ ಅಲ್ಲಿ ಆಕಾಶಮಾರ್ಗ ತೆರೆದುಕೊಳ್ಳುತ್ತದೆ. 1952ರಲ್ಲಿ ಹುಟ್ಟಿದ ರೇಗಾ ಎಂಬ ವಾಯುರಕ್ಷಣಾ ಸಂಸ್ಥೆಯ ಹೆಲಿಕಾಪ್ಟರುಗಳು ವೈದ್ಯರನ್ನು ಹೊತ್ತುಕೊಂಡೇ ಹಾರುತ್ತವೆ. ವಲೇ ಪ್ರಾಂತವನ್ನುಳಿದು ದೇಶದ ಯಾವ ಮೂಲೆಯನ್ನಾದರೂ ಸುಮಾರು 15 ನಿಮಿಷಗಳ ಹಾರಾಟದಲ್ಲಿ ತಲುಪುವಂತೆ ಅದರ ನೆಲೆಗಳನ್ನು ಹಂಚಲಾಗಿದೆ. ವಲೇಯಲ್ಲಿ ಏರ್ ಜೆರ್ಮಾಟ್‌ನಂತಹ ಸಂಸ್ಥೆಗಳು ಆ ಸೇವೆಯನ್ನು ನೀಡುತ್ತವೆ. ರೇಗಾ ಕಟ್ಟಿದವರು ಜನಸಾಮಾನ್ಯರು. ಸರ್ಕಾರದ ಹಣದ ಆಸರೆ ಕೈಕೊಟ್ಟಾಗ, 1966ರಲ್ಲಿ ಅದು ನೇರವಾಗಿ ಜನರ ಮುಂದೆ ಕೈಚಾಚಿತು. ಇಂದು 35 ಲಕ್ಷಕ್ಕೂ ಹೆಚ್ಚು ಮಂದಿ ವರ್ಷಕ್ಕಿಷ್ಟು ಎಂದು ಅದಕ್ಕೆ ಕಾಣಿಕೆ ನೀಡುತ್ತಿದ್ದಾರೆ. ತಮಗೆ ಎಂದೂ ಬೇಕಾಗದಿರಲಿ, ಬೇಕಾದವರಿಗೆ ಒದಗಲಿ ಎಂಬ ಭಾವನೆ ಇದರ ಹಿಂದಿದೆ. ಇದು ನಿಜಕ್ಕೂ ಸ್ತುತ್ಯರ್ಹ.

ಇಷ್ಟೆಲ್ಲ ಇರುವಲ್ಲಿ ಕೊರತೆ ಏನು? ರೋಗಿ ಬದುಕಿ ಮನೆಗೆ ಮರಳಿದ ಕೆಲವು ವಾರಗಳಲ್ಲಿ ಅಂಚೆಯಲ್ಲಿ ಬರುವ ಬಿಲ್ಲನ್ನು ನೋಡಿ. ಅಲ್ಲಿ ಆಂಬುಲೆನ್ಸ್ ಉಚಿತವಲ್ಲ. ಆರೋಗ್ಯ ವ್ಯವಸ್ಥೆಯ ಹೊಣೆ 26 ಕ್ಯಾಂಟನ್‌ಗಳೆಂಬ ಪ್ರಾಂತಗಳದ್ದಾದುದರಿಂದ ದರವೂ ಊರಿಂದೂರಿಗೆ ಬೇರೆ. ತುರ್ತು ಕರೆಯೊಂದಕ್ಕೆ ಸಾವಿರ ಫ್ರಾಂಕ್ ದಾಟುವುದು ಅಪರೂಪವೇನಲ್ಲ. ಪ್ರತಿಯೊಬ್ಬ ನಿವಾಸಿಯೂ ಕಡ್ಡಾಯವಾಗಿ ಪಡೆಯಬೇಕಾದ ಆರೋಗ್ಯ ವಿಮೆ ಇದೆಯಲ್ಲ ಎನ್ನುವಿರಾ? ಆ ಮೂಲವಿಮೆಯು ರೋಗಿಯ ಸಾಗಣೆಯ ವೆಚ್ಚದಲ್ಲಿ ಅರ್ಧವನ್ನಷ್ಟೇ ಭರಿಸುತ್ತದೆ. ಅದೂ ವರ್ಷಕ್ಕೆ 500 ಫ್ರಾಂಕ್ ಮೀರುವಂತಿಲ್ಲ. ಪ್ರಾಣಾಪಾಯದಿಂದ ಪಾರುಮಾಡಿದ ರಕ್ಷಣಾ ಕಾರ್ಯವಾದರೆ ಆಗಲೂ ಅರ್ಧವೇ, ಮಿತಿ ಮಾತ್ರ 5,000 ಫ್ರಾಂಕ್. ಸಾಗಣೆಯ ಬಿಲ್ಲು 1,200 ಫ್ರಾಂಕ್ ಎಂದುಕೊಳ್ಳಿ. ವಿಮೆ ಹೆಚ್ಚೆಂದರೆ 500 ಕೊಟ್ಟೀತು, ಉಳಿದ 700 ರೋಗಿಯ ಪಾಲು. ಇದಲ್ಲದೆ ಪ್ರಾಯಸ್ಥರು ವರ್ಷದಲ್ಲಿ ಮೊದಲ 300 ಫ್ರಾಂಕ್‌ಗಳ ವೈದ್ಯಕೀಯ ವೆಚ್ಚವನ್ನು ತಾವೇ ಹೊರಬೇಕು. ತಿಂಗಳ ವಿಮಾಕಂತು ಇಳಿಯಲೆಂದು ಈ ಹೊಣೆಯನ್ನು 2,500ರವರೆಗೆ ಏರಿಸಿಕೊಂಡವರೂ ಇದ್ದಾರೆ.

ಇದರಲ್ಲಿ ಅಡಗಿರುವ ಕ್ರೌರ್ಯವನ್ನು ಗಮನಿಸಿ. ಎದೆಯಲ್ಲಿ ಎದ್ದ ನೋವು ಹೃದಯಾಘಾತವೋ ಬರಿಯ ಅಜೀರ್ಣವೋ ಎಂಬುದು ಆಸ್ಪತ್ರೆಯಲ್ಲಿ ಪರೀಕ್ಷೆಯಾದ ಮೇಲೆ ತಿಳಿಯುವ ಸಂಗತಿ. ಕರೆ ಮಾಡುವ ನಿರ್ಧಾರವನ್ನಾದರೋ ಅದಕ್ಕೆ ಮುನ್ನವೇ, ಕತ್ತಲಲ್ಲಿ, ಹೆದರಿಕೆಯಲ್ಲಿ ಮಾಡಬೇಕು. ಆ ಗಳಿಗೆಯಲ್ಲಿ ಒಂಟಿ ವೃದ್ಧೆಯೊಬ್ಬಳು 'ಬೆಳಗಿನವರೆಗೆ ನೋಡೋಣ' ಎಂದುಕೊಂಡರೆ, ಆಕೆಯನ್ನು ತಡೆದದ್ದು ಅಜ್ಞಾನವೋ ಅಥವಾ ಏಳುನೂರು ಫ್ರಾಂಕ್‌ಗಳ ಚಿಂತೆಯೋ? ಹೃದಯದ ಸ್ನಾಯುವಾಗಲಿ ಮಿದುಳಾಗಲಿ ಬೆಳಗಿನವರೆಗೆ ಕಾಯುವುದಿಲ್ಲ.

ಇನ್ನೊಂದು ತಾರತಮ್ಯವನ್ನು ನೋಡಿ. ಅಲ್ಲಿ ವಾರಕ್ಕೆ ಎಂಟು ಗಂಟೆಯಾದರೂ ಒಬ್ಬ ಮಾಲೀಕನ ಬಳಿ ದುಡಿಯುವ ನೌಕರನಿಗೆ ಅಪಘಾತ ವಿಮೆ ಉಂಟು. ಅವನು ರಜೆಯ ದಿನ ಹಿಮದ ಮೇಲೆ ಜಾರುವ ಆಟವಾಡುತ್ತ ಕಾಲು ಮುರಿದುಕೊಂಡರೂ ದೇಶದೊಳಗಿನ ಅಗತ್ಯ ರಕ್ಷಣೆಯ, ಸಾಗಣೆಯ ವೆಚ್ಚವನ್ನು ಆ ವಿಮೆ ಭರಿಸುತ್ತದೆ. ಅದೇ ಮನುಷ್ಯ ಪಾರ್ಶ್ವವಾಯು ಬಡಿದು ಬಿದ್ದರೆ ಅದು ರೋಗ, ಅರ್ಧವೇ ಗತಿ. ನಿವೃತ್ತಳಾದ ಅವನ ತಾಯಿ ಮೆಟ್ಟಿಲಿನಿಂದ ಬಿದ್ದರೂ ಮೂಲವಿಮೆಯ ಅರ್ಧವೇ ಗತಿ. ವಾಹನ ಅದೇ, ಸಿಬ್ಬಂದಿ ಅವರೇ, ರಸ್ತೆಯೂ ಅದೇ. ಬಿದ್ದವರ ದೇಹಕ್ಕೆ ಇಲ್ಲದ ಭೇದ ಬಿಲ್ಲಿಗೆ ಏಕೆ?

ಸಮರ್ಥಿಸುವವರ ವಾದಗಳನ್ನೂ ನ್ಯಾಯವಾಗಿ ಕೇಳೋಣ. ಉಚಿತವಾದರೆ ದುರುಪಯೋಗ ಹೆಚ್ಚುತ್ತದೆ ಎನ್ನುತ್ತಾರೆ. ಹಲ್ಲುನೋವಿಗೂ ಆಂಬುಲೆನ್ಸ್ ಕರೆಯುವವರು ಇರಬಹುದು. ಆದರೆ ಕರೆಯನ್ನು ಕೇಳಿ ತೂಗಿ ನೋಡಲು 144ರಲ್ಲಿ ತರಬೇತಾದವರು ಕುಳಿತಿದ್ದಾರೆ. ವಿವೇಚಿಸಬೇಕಾದವರು ಅವರು, ರೋಗಿಯ ಜೇಬಲ್ಲ. ಮೂಲವಿಮೆ ಸಾಲದಿದ್ದರೆ ಪೂರಕ ವಿಮೆ ಕೊಳ್ಳಲಿ ಎನ್ನುತ್ತಾರೆ. ಪೂರಕ ವಿಮೆ ಖಾಸಗಿ ವ್ಯವಹಾರ; ಈಗಾಗಲೇ ಕಾಯಿಲೆಯಿರುವವರನ್ನು ನಿರಾಕರಿಸುವ ಹಕ್ಕು ಕಂಪನಿಗಿದೆ. ಯಾರಿಗೆ ಆಂಬುಲೆನ್ಸ್ ಹೆಚ್ಚಾಗಿ ಬೇಕೋ ಅವರಿಗೇ ಬಾಗಿಲು ಮುಚ್ಚಬಹುದು. ರೇಗಾಕ್ಕೆ ಕಾಣಿಕೆ ಕೊಟ್ಟರೆ ಸಾಲದೇ? ಆ ಕಾಣಿಕೆ ವಿಮೆಯಲ್ಲ. ವಿಮೆ ಭರಿಸದ ವೆಚ್ಚವನ್ನು ರೇಗಾ ತನ್ನ ಸೇವೆಯ ಮಟ್ಟಿಗೆ ಮನ್ನಾ ಮಾಡಬಹುದು. 144ಕ್ಕೆ ಓಗೊಟ್ಟು ರಸ್ತೆಯಲ್ಲಿ ಬರುವ ಸಾಮಾನ್ಯ ಆಂಬುಲೆನ್ಸಿನ ಬಿಲ್ಲಿಗೆ ಅದು ಉತ್ತರವಲ್ಲ. ಮನೆಗೆ ಬೆಂಕಿ ಬಿದ್ದರೆ ಅದನ್ನು ಆರಿಸಿದ್ದಕ್ಕೆ ಅಲ್ಲಿನ ಅಗ್ನಿಶಾಮಕ ದಳ ಸಾಮಾನ್ಯವಾಗಿ ಬಿಲ್ಲು ಕಳುಹಿಸುವುದಿಲ್ಲ. ಮನೆಗೆ ಸಲ್ಲುವ ನ್ಯಾಯ ಮನೆಯೊಳಗಿನ ಮನುಷ್ಯನಿಗೆ ಸಲ್ಲಬಾರದೇ?

ಈ ಮಾತನ್ನು ಬೇರಾವ ದೇಶಕ್ಕಿಂತ ಸ್ವಿಟ್ಜರ್ಲೆಂಡಿಗೇ ಹೇಳಲು ಕಾರಣವಿದೆ. ಜಿನೀವಾದ ಹೆನ್ರಿ ಡ್ಯುನಾಂಟ್ 1859ರಲ್ಲಿ ಸೋಲ್ಫೆರಿನೋ ಯುದ್ಧದ ಗಾಯಾಳುಗಳನ್ನು ಕಂಡು ಮರುಗಿ, ಕಾಸ್ಟಿಲಿಯೋನೆ ಊರಿನ ದೇವಾಲಯದಲ್ಲಿ ಅಲ್ಲಿನ ಮಹಿಳೆಯರೊಡನೆ ಶುಶ್ರೂಷೆಗೆ ನಿಂತ. ಗಾಯಗೊಂಡವನು ಯಾವ ಸೈನ್ಯದವನೆಂದು ಅವರು ಕೇಳಲಿಲ್ಲ. ಆ ಅನುಭವದಿಂದಲೇ 1863ರಲ್ಲಿ ರೆಡ್‌ಕ್ರಾಸ್ ಹುಟ್ಟಿತು. 1864ರ ಜಿನೀವಾ ಒಪ್ಪಂದವು ಆಂಬುಲೆನ್ಸನ್ನು, ಅಂದರೆ ಆ ಕಾಲದ ರಣರಂಗದ ಸಂಚಾರಿ ಆಸ್ಪತ್ರೆಯನ್ನು, ಯಾವ ಪಕ್ಷಕ್ಕೂ ಸೇರದ ತಟಸ್ಥ ನೆಲೆಯೆಂದು ಸಾರಿತು. ಪ್ರಥಮ ಚಿಕಿತ್ಸೆ ಕಲಿಸುವ ಅಲ್ಲಿನ ಸಂಘಗಳು 1888ರಲ್ಲಿ ಒಂದು ಒಕ್ಕೂಟವಾದಾಗ ಇಟ್ಟುಕೊಂಡ ಹೆಸರೇ ಸಮಾರಿಯದವನದು. ಪ್ರಭು ಯೇಸು ಹೇಳಿದ ಆ ಸಾಮತಿಯಲ್ಲಿ ಗಾಯಾಳುವನ್ನು ಛತ್ರಕ್ಕೆ ಸಾಗಿಸಿದವನೇ ಹಣ ಕೊಟ್ಟ. ಹೆಚ್ಚಿಗೆ ತಗಲಿದರೆ ಅದನ್ನೂ ತೀರಿಸುವೆನೆಂದ. ಕತ್ತೆಯ ಬಾಡಿಗೆಯಲ್ಲಿ ಅರ್ಧವನ್ನು ಗಾಯಾಳುವಿನಿಂದ ವಸೂಲು ಮಾಡಲಿಲ್ಲ. ಆ ಹೆಸರನ್ನು ಹೊತ್ತ ನಾಡು ಆ ಲೆಕ್ಕವನ್ನೂ ಹೊರಬೇಕು. ಪೂರ್ತಿ ವೆಚ್ಚವನ್ನು ಮೂಲವಿಮೆಯೋ ಕ್ಯಾಂಟನ್‌ಗಳ ಬೊಕ್ಕಸವೋ ಭರಿಸಲಿ. 35 ಲಕ್ಷ ಜನ ಸ್ವಇಚ್ಛೆಯಿಂದ ಹೆಲಿಕಾಪ್ಟರನ್ನು ಸಾಕಬಲ್ಲ ದೇಶಕ್ಕೆ ಇದು ಅಸಾಧ್ಯದ ಭಾರವಲ್ಲ.

ಓದುಗರೇ, ನಮ್ಮ ರಾಜ್ಯದಲ್ಲಿ 2008ರಲ್ಲಿ ಆರಂಭವಾದ 108ರ ಸೇವೆ ರೋಗಿಯಿಂದ ಹಣ ಕೇಳುವುದಿಲ್ಲ. ತಡವಾಗಿ ಬಂದಾಗ ನಾವು ಬೈಯುತ್ತೇವೆ, ಬೈಯಲೂಬೇಕು; ವಾಹನಗಳು ಹೆಚ್ಚಲಿ, ತರಬೇತಿ ಸುಧಾರಿಸಲಿ ಎಂದು ಒತ್ತಾಯಿಸಬೇಕು. ಆದರೆ ಶ್ರೀಮಂತ ದೇಶಗಳ ಮಾದರಿ ತೋರಿಸಿ, ಶುಲ್ಕ ವಿಧಿಸಿದರೆ ಸೇವೆ ಉತ್ತಮವಾದೀತು ಎಂದು ಯಾರಾದರೂ ನಿಮ್ಮ ಬಳಿ ವಾದಿಸಿದರೆ ತಲೆದೂಗಬೇಡಿ. ಅಲ್ಲಿಂದ ನಾವು ಕಲಿಯಬೇಕಾದುದು ಶಿಸ್ತು, ಶಿಕ್ಷಣ, ಜನರ ಔದಾರ್ಯ. ಕಲಿಯಬಾರದ್ದು ಆ ಬಿಲ್ಲು. ನಿಮ್ಮ ನೆರೆಮನೆಯ ವೃದ್ಧರಿಗೆ ಇಂದೇ ಹೇಳಿಡಿ: ಎದೆ ನೋಯತೊಡಗಿದರೆ ಖರ್ಚಿನ ಯೋಚನೆ ಬೇಡ, ಮೊದಲು ಕರೆ ಮಾಡಿ.