ಬೆಲ್ ಆದರೆ ಸಾಕು, ಟಾಮಿಯ ಹಾರಾಟ!

ಕಳೆದ ಗೌರಿ ಹಬ್ಬದಂದು ಅರಿಶಿನ-ಕುಂಕುಮಕ್ಕೆ ಬಂದಿದ್ದ ಪಕ್ಕದ ಬೀದಿಯ ಅಜ್ಜಿಯ ಮೇಲೆ ನಮ್ಮನೆ ಟಾಮಿ ಹಾರಿಬಿಟ್ಟ. ಗೋಡೆ ಹಿಡಿದುಕೊಂಡರು, ಸದ್ಯ ಬೀಳಲಿಲ್ಲ. 'ಏನೂ ಮಾಡಲ್ಲ, ಬನ್ನಿ' ಅಂತ ನಾನು ನಗ್ತಾ ನಿಂತಿದ್ದೆ ನೋಡಿ! ಆಮೇಲೆ ಅವರು ನಮ್ಮನೆ ಮೆಟ್ಟಿಲು ಹತ್ತಿಲ್ಲ.

ತಪ್ಪು ಟಾಮಿಯದಲ್ಲ. ನಾವು 'ಟಾಮೀ, ಬೇಡ!' ಎಂದು ಕಿರುಚಿ ತಳ್ಳಿದಷ್ಟೂ ನಾಯಿಗೆ ಅದು ಆಟವೇ. ಹಾರಿದರೆ ಮುಖ ತಿರುಗಿಸಿ, ಮಾತೇ ಬೇಡ. ನಾಲ್ಕೂ ಕಾಲು ನೆಲದ ಮೇಲಿದ್ದರೆ ಮಾತ್ರ ಮುದ್ದು. ಅತಿಥಿಗಳಿಲ್ಲದ ದಿನ ಮಕ್ಕಳ ಕೈಲಿ ಬೆಲ್ ಒತ್ತಿಸಿ, ಪ್ರತಿ ಸಲವೂ ಅದನ್ನು ಅದರ ಚಾಪೆಗೆ ಕರೆದೊಯ್ಯಿರಿ. ಕೂತರೆ ಒಂದು ಚೂರು ಚಪಾತಿ. ದಿನಕ್ಕೆ ಐದು ನಿಮಿಷ ಸಾಕು. ಆದರೆ ಮನೆಯವರೆಲ್ಲರದೂ ಒಂದೇ ನಿಯಮವಾಗಿರಬೇಕು. (ನಮ್ಮಲ್ಲಿ ಕೆಡಿಸೋರು ಯಜಮಾನರೇ!)

ಯಾರಾದರೂ ಬರುವುದು ಗೊತ್ತಿದ್ದರೆ ಮೊದಲೇ ಒಂದು ಸುತ್ತು ವಾಕಿಂಗ್ ಮಾಡಿಸಿ, ಚೈನ್ ಹಾಕಿಯೇ ಬಾಗಿಲು ತೆಗೆಯಿರಿ. ಉಗುರು ತಾಗಿ ಗೀರಾದರೆ 'ಇಂಜೆಕ್ಷನ್ ಆಗಿರೋ ನಾಯಿ' ಅಂತ ಸುಮ್ಮನಾಗಬೇಡಿ. ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಡಾಕ್ಟರಿಗೆ ತೋರಿಸಿ.

ಟಾಮಿ ಈಗ ಚಾಪೆ ಮೇಲೆ ಕೂರ್ತಾನೆ, ಬಾಲ ಮಾತ್ರ ನಿಲ್ಲಲ್ಲ. ಈ ಹಬ್ಬಕ್ಕೆ ಅಜ್ಜಿಯನ್ನು ನಾನೇ ಹೋಗಿ ಕರೆಯಬೇಕು.